ಮಿಕ್ಸರ್ ಪ್ರೊಪೆಲ್ಲರಿನ ಸುಳಿಧಾರೆಯಲ್ಲಿ ನೀರಿನ ಹರಿವನ್ನು ಅಳೆಯುವ ಕ್ರಮ

ಸಕಲೇಶಪುರ, ಬೇಲೂರು, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಡಿಸೆಂಬರ್ ಬಂತೆಂದರೆ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ಕೆಲಸ, ಆರಂಭವಾಗುತ್ತದೆ. ಹಣ್ಣಿನ ಲೋಳೆ ಕರಗಿದ ಆ ನೀರು ಬೇಗ ಹುಳಿಯುತ್ತದೆ. ಅದನ್ನು ಸುಣ್ಣ ಬೆರೆಸಿ ಸಮಗೊಳಿಸುವ ತೊಟ್ಟಿಯಲ್ಲಿ ಸುಣ್ಣ ತಳದಲ್ಲಿ ಕೂರಬಾರದು, ಹೊಸದಾಗಿ ಬಂದ ನೀರು ಒಂದು ಮೂಲೆಯಲ್ಲೇ ನಿಲ್ಲಬಾರದು. ಆ ಕೆಲಸಕ್ಕೆ ನೀರಿನೊಳಗೆ ಮುಳುಗಿಸಿಡುವ ಪ್ರೊಪೆಲ್ಲರ್ ಮಿಕ್ಸರ್ ಬೇಕಾಗುತ್ತದೆ. ಹಾಲಿನ ಡೇರಿಯ ತ್ಯಾಜ್ಯನೀರಿನ ಘಟಕಕ್ಕೂ ಊರಿನ ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕಕ್ಕೂ ಇದೇ ಯಂತ್ರ ಹೋಗುತ್ತದೆ. ಯಂತ್ರದ ಕ್ಯಾಟಲಾಗಿನಲ್ಲಿ ‘ಹರಿವು ಸೆಕೆಂಡಿಗೆ ಇಷ್ಟು ಘನ ಮೀಟರ್’ ಎಂದು ಅಚ್ಚಾಗಿರುತ್ತದೆ, ಕೊಳ್ಳುವವರು ಆ ಅಂಕಿಯನ್ನೇ ನೋಡಿ ಕೊಳ್ಳುತ್ತಾರೆ. ಆ ಅಂಕಿ ನಿಜವೇ ಎಂದು ಸ್ಥಳದಲ್ಲಿಯೇ ಪರೀಕ್ಷಿಸಬೇಕಾದ ಎಂಜಿನಿಯರುಗಳಿಗಾಗಿ, ಮತ್ತು ಇದನ್ನೇ ಪ್ರಾಜೆಕ್ಟ್ ಆಗಿ ಆರಿಸಿಕೊಳ್ಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಈ ಕ್ರಮವನ್ನು ಬರೆದಿದ್ದೇನೆ.

ನಮ್ಮ ಭಾಗದಲ್ಲಿ ನೀರಿನ ಹರಿವನ್ನು ಅಳೆಯುವ ಅನುಭವ ಇರುವವರಿಗೆ ಕೊರತೆಯಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಹೊರಡುವ ನಾಲೆಗಳಂಥ ನಾಲೆಯಲ್ಲಿ ಅಡ್ಡಛೇದವನ್ನು ಹೋಳುಗಳಾಗಿ ವಿಂಗಡಿಸಿ, ಪ್ರತಿ ಹೋಳಿನಲ್ಲಿ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ಕರೆಂಟ್ ಮೀಟರ್ (ನೀರಿನ ವೇಗ ಅಳೆಯುವ ಉಪಕರಣ) ಇಳಿಸಿ, ವೇಗವನ್ನು ವಿಸ್ತೀರ್ಣದಿಂದ ಗುಣಿಸಿ ಕೂಡಿಸಿದರೆ ಹರಿವು ದೊರೆಯುತ್ತದೆ. ಮಿಕ್ಸರಿನ ಧಾರೆಗೂ ಇದೇ ತತ್ತ್ವ ಅನ್ವಯಿಸುತ್ತದೆಯಾದರೂ ಎರಡು ವ್ಯತ್ಯಾಸಗಳು ಕೆಲಸವನ್ನು ಬಹಳ ಕಷ್ಟಗೊಳಿಸುತ್ತವೆ. ನಾಲೆಗೆ ದಂಡೆಗಳಿವೆ, ಧಾರೆಗೆ ದಂಡೆಗಳಿಲ್ಲ. ನಿಂತ ನೀರಿನೊಳಗೇ ಹರಿಯುವ ಧಾರೆ ಎಲ್ಲಿ ಮುಗಿಯಿತು, ಸುತ್ತಲಿನ ನೀರು ಎಲ್ಲಿ ಆರಂಭವಾಯಿತು ಎಂಬ ಗೆರೆಯನ್ನು ಅಳೆಯುವವರೇ ನಿರ್ಧರಿಸಬೇಕು. ಎರಡನೆಯದಾಗಿ, ನಾಲೆಯ ನೀರು ಬಹುಪಾಲು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಪ್ರೊಪೆಲ್ಲರಿನ ಧಾರೆ ಮುಂದಕ್ಕೆ ಸಾಗುತ್ತಲೇ ತನ್ನ ಅಕ್ಷದ ಸುತ್ತ ತಿರುಗುತ್ತದೆ; ಸುಳಿಧಾರೆ ಎಂದರೆ ಇದೇ.

ಯಾವ ಹರಿವನ್ನು ಅಳೆಯುತ್ತಿದ್ದೀರಿ?

ಉಪಕರಣಕ್ಕೆ ಕೈಹಾಕುವ ಮೊದಲು ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿದ್ಧವಿರಬೇಕು. 0.6 ಮೀಟರ್ ವ್ಯಾಸದ ಪ್ರೊಪೆಲ್ಲರ್, 800 ನ್ಯೂಟನ್ ನೂಕುಬಲ ಕೊಡುವ ಮಿಕ್ಸರ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರೊಪೆಲ್ಲರ್ ತಿರುಗುವ ವೃತ್ತದ ವಿಸ್ತೀರ್ಣ 0.283 ಚದರ ಮೀಟರ್. ನೀರು ಈ ಪೂರ್ಣ ವೃತ್ತದಷ್ಟೇ ಅಗಲವಾದ ಧಾರೆಯಾಗಿ ಒಂದೇ ವೇಗದಲ್ಲಿ ಹೊರಡುತ್ತದೆ ಎಂದು ಭಾವಿಸಿದರೆ, ನೂಕುಬಲವೆಂದರೆ ಸಾಂದ್ರತೆ, ಹರಿವು ಮತ್ತು ವೇಗಗಳ ಗುಣಲಬ್ಧವಾದ್ದರಿಂದ, ವೇಗ ಸೆಕೆಂಡಿಗೆ 1.68 ಮೀಟರ್, ಹರಿವು ಸೆಕೆಂಡಿಗೆ 0.476 ಘನ ಮೀಟರ್ ಆಗುತ್ತದೆ. ನಮಗೆ ರೂಢಿಯಾದ ಅಳತೆಯಲ್ಲಿ ಇದು ಸುಮಾರು 17 ಕ್ಯುಸೆಕ್. ನಿಂತ ನೀರಿನಲ್ಲಿ ತಿರುಗುವ ಆದರ್ಶ ಪ್ರೊಪೆಲ್ಲರಿನ ಸಿದ್ಧಾಂತವನ್ನು ಬಳಸಿದರೆ, ಧಾರೆ ಪ್ರೊಪೆಲ್ಲರಿನ ಹಿಂದೆ ಅರ್ಧ ವಿಸ್ತೀರ್ಣಕ್ಕೆ ಕುಗ್ಗಿ ವೇಗ ಇಮ್ಮಡಿಯಾಗುತ್ತದೆ. ಆಗ ಅಲಗುಗಳ ನಡುವೆ ವೇಗ 1.19 ಮೀಟರ್, ಹರಿವು 0.336 ಘನ ಮೀಟರ್, ಅಂದರೆ ಸುಮಾರು 12 ಕ್ಯುಸೆಕ್. ಒಂದೇ ಯಂತ್ರ, ಒಂದೇ ನೂಕುಬಲ, ಆದರೂ ಊಹೆ ಬದಲಾದ ಮಾತ್ರಕ್ಕೆ ಹರಿವಿನ ಅಂಕಿ ಶೇ. 40ರಷ್ಟು ಬದಲಾಗುತ್ತದೆ. ನಿಜವಾದ ಪ್ರೊಪೆಲ್ಲರ್ ಸಾಮಾನ್ಯವಾಗಿ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರಕ್ಷುಬ್ಧ ಧಾರೆ ಮುಂದೆ ಸಾಗಿದಂತೆ ಸುತ್ತಲಿನ ನಿಂತ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತ ಹೋಗುತ್ತದೆ. ದುಂಡನೆಯ ನಳಿಕೆಯಿಂದ ಹೊರಡುವ, ಸುಳಿಯಿಲ್ಲದ ಧಾರೆಯ ಬಗ್ಗೆ ರಿಕೌ ಮತ್ತು ಸ್ಪಾಲ್ಡಿಂಗ್ 1961ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ನಳಿಕೆಯಿಂದ ಸಾಕಷ್ಟು ದೂರದಲ್ಲಿ ಹರಿವು ದೂರಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ: ದೂರವನ್ನು ವ್ಯಾಸದಿಂದ ಭಾಗಿಸಿ 0.32ರಿಂದ ಗುಣಿಸಿದರೆ, ಆರಂಭದ ಹರಿವಿನ ಎಷ್ಟು ಪಟ್ಟು ಎಂಬುದು ತಿಳಿಯುತ್ತದೆ. ಹತ್ತು ವ್ಯಾಸಗಳಷ್ಟು ದೂರದಲ್ಲಿ ಅದು 3.2 ಪಟ್ಟು. ಸುಳಿ ಸೇರಿದರೆ ಧಾರೆ ಇನ್ನೂ ಬೇಗ ಅಗಲವಾಗುತ್ತದೆ, ಇನ್ನೂ ಹೆಚ್ಚು ನೀರನ್ನು ಎಳೆದುಕೊಳ್ಳುತ್ತದೆ. ಹೀಗಿರುವಾಗ ದೂರವನ್ನು ಹೇಳದೆ ಹರಿವನ್ನು ಮಾತ್ರ ಹೇಳುವ ಕ್ಯಾಟಲಾಗು ಅರ್ಧ ಮಾತನ್ನಷ್ಟೇ ಹೇಳುತ್ತಿದೆ ಎಂದು ತಿಳಿಯಬೇಕು. ಹರಿವು ಬೆಳೆಯುತ್ತ ಹೋದರೂ ಧಾರೆಯ ಸಂವೇಗ (ಸೆಕೆಂಡಿಗೆ ಸಾಗುವ ನೀರಿನ ರಾಶಿ ಮತ್ತು ಅದರ ವೇಗಗಳ ಗುಣಲಬ್ಧ), ಗೋಡೆಗಳೂ ಮರುಹರಿವೂ ಅಡ್ಡಬಾರದಿರುವವರೆಗೆ, ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮುಳುಗು ಮಿಕ್ಸರುಗಳ ಪರೀಕ್ಷೆಗಾಗಿ 2007ರಲ್ಲಿ ಬಂದ ಐಎಸ್ಒ 21630 ಮಾನದಂಡ ನೂಕುಬಲಕ್ಕೆ ಪ್ರಾಧಾನ್ಯ ಕೊಟ್ಟಿರುವುದು ಈ ದೃಷ್ಟಿಯಿಂದ ಸರಿಯಾಗಿಯೇ ಇದೆ. ನನ್ನ ಸಲಹೆಯ ತಿರುಳೂ ಅದೇ: ಹರಿವನ್ನು ಅಳೆಯಿರಿ, ಆದರೆ ಅದೇ ಬಿಂದುಗಳ ವೇಗದಿಂದ ಸಂವೇಗವನ್ನೂ ಲೆಕ್ಕಹಾಕಿ, ಬೇರೆಯಾಗಿ ಅಳೆದ ನೂಕುಬಲದೊಂದಿಗೆ ಹೋಲಿಸದೆ ಹರಿವಿನ ಅಂಕಿಗೆ ಸಹಿ ಹಾಕಬೇಡಿ.

ಆದ್ದರಿಂದ ಎರಡು ಸಮತಲಗಳನ್ನು ಆರಿಸಿಕೊಳ್ಳಿ. ಪ್ರೊಪೆಲ್ಲರಿನಿಂದ ಒಂದು ವ್ಯಾಸದಷ್ಟು ದೂರದ ಹತ್ತಿರದ ಸಮತಲ, ಯಂತ್ರ ತಾನೇ ಎಷ್ಟು ನೀರನ್ನು ನೂಕುತ್ತದೆ ಎಂಬುದನ್ನು ಹೇಳುತ್ತದೆ. ಐದು ವ್ಯಾಸಗಳಷ್ಟು, ನಮ್ಮ ಉದಾಹರಣೆಯಲ್ಲಿ 3 ಮೀಟರ್ ದೂರದ ಸಮತಲ, ತೊಟ್ಟಿಯ ನೀರಿಗೆ ಸಿಗುವ ಚಲನೆ ಎಷ್ಟು ಎಂಬುದನ್ನು ಹೇಳುತ್ತದೆ.

ಪರೀಕ್ಷೆಯ ಹೊಂಡ

ಹುದುಗುತ್ತಿರುವ ಪಲ್ಪಿಂಗ್ ನೀರಿನಲ್ಲಿ ಅಳತೆಗೆ ಇಳಿಯಬೇಡಿ. ಆ ನೀರಿನಿಂದ ಸತತವಾಗಿ ಏಳುವ ಅನಿಲದ ಗುಳ್ಳೆಗಳು ಶಬ್ದತರಂಗದಿಂದ ಕೆಲಸ ಮಾಡುವ ಉಪಕರಣಗಳನ್ನು ಹಾಳುಗೆಡವುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿದ ಅಥವಾ ಆಳವಾದ ತ್ಯಾಜ್ಯ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿಕೊಂಡಿರುವ ಅಪಾಯವಿದೆ. ಯಾವ ಅಳತೆಯ ನೆಪಕ್ಕೂ ಯಾರನ್ನೂ ಅಂಥ ತೊಟ್ಟಿಯೊಳಗೆ ಇಳಿಸಬಾರದು. ಯಂತ್ರವನ್ನು ಶುದ್ಧ ನೀರಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ತೊಟ್ಟಿಗೆ ಅನ್ವಯಿಸುವುದು ಸುರಕ್ಷಿತವೂ ಹೌದು, ನಿಖರವೂ ಹೌದು. ಪಲ್ಪಿಂಗ್ ನೀರು ಸ್ವಲ್ಪ ಮಂದವಾಗಿದ್ದರೂ ಇಷ್ಟು ದೊಡ್ಡ, ಇಷ್ಟು ಪ್ರಕ್ಷುಬ್ಧವಾದ ಧಾರೆಯಲ್ಲಿ ಸ್ನಿಗ್ಧತೆಯ ಸಣ್ಣ ವ್ಯತ್ಯಾಸ ಸಂವೇಗವನ್ನು ಅಷ್ಟಾಗಿ ಬದಲಿಸುವುದಿಲ್ಲ.

ಶುದ್ಧ ನೀರಿನ ದೊಡ್ಡ ತೊಟ್ಟಿ ಎಲ್ಲಿದೆ ಎಂಬ ಪ್ರಶ್ನೆಗೆ ನಮ್ಮ ಹಾಸನ ಜಿಲ್ಲೆಯಲ್ಲಿ ಒಳ್ಳೆಯ ಉತ್ತರವಿದೆ. ಅರಸೀಕೆರೆ ಕಡೆಯ ಕೃಷಿ ಹೊಂಡಗಳೂ ಮಲೆನಾಡು ಅಂಚಿನ ತೋಟಗಳಲ್ಲಿ ಕಾಫಿ ಹೂಮಳೆಯ ತುಂತುರು ನೀರಾವರಿಗೆಂದು ಕಟ್ಟಿಕೊಂಡ ಕೆರೆಗಳೂ ಮಳೆಗಾಲ ಮುಗಿದಾಗ ತುಂಬಿರುತ್ತವೆ. ಕೃಷಿ ಹೊಂಡಗಳು ಸಾಮಾನ್ಯವಾಗಿ ಸುಮಾರು 3 ಮೀಟರ್ ಆಳವಿರುತ್ತವೆ, 0.6 ಮೀಟರ್ ಪ್ರೊಪೆಲ್ಲರಿಗೆ ಇದು ಕನಿಷ್ಠ ಅಗತ್ಯವನ್ನು ಪೂರೈಸುತ್ತದೆ. ಮಿಕ್ಸರಿನ ಅಕ್ಷವನ್ನು ನಡು ಆಳದಲ್ಲಿ, 1.5 ಮೀಟರಿಗೆ, ಇರಿಸಿದರೆ ಮೇಲೂ ಕೆಳಗೂ ಸುಮಾರು 1 ಮೀಟರ್ ತ್ರಿಜ್ಯದವರೆಗೆ ಅಳೆಯಲು ಜಾಗ ಸಿಗುತ್ತದೆ. ಉದ್ದ 15 ಮೀಟರಿಗಿಂತ ಕಡಿಮೆಯಿದ್ದರೆ ಎದುರು ದಂಡೆಗೆ ಬಡಿದು ಹಿಂದಿರುಗುವ ನೀರು ಅಳತೆಯ ಸಮತಲವನ್ನೇ ಕಲಕುತ್ತದೆ. ಹೊಂಡಕ್ಕೆ ಪಾಲಿಥೀನ್ ಹಾಳೆ ಹಾಸಿದ್ದರೆ ಮಿಕ್ಸರಿನ ಹಿಂಭಾಗವನ್ನು ದಂಡೆಯಿಂದ ಕನಿಷ್ಠ ಎರಡು ಮೀಟರ್ ದೂರವಿಡಿ. ಸೆಳೆತಕ್ಕೆ ಹಾಳೆ ಎದ್ದು ಅಲಗಿಗೆ ಸಿಕ್ಕಿದರೆ ಯಂತ್ರವೂ ಹೋಗುತ್ತದೆ, ರೈತರ ಹೊಂಡವೂ ಹೋಗುತ್ತದೆ. ಧಾರೆ ಎದುರಿನ ದಂಡೆಗೆ ಬಡಿಯುವ ಜಾಗದಲ್ಲಿ ಹಾಳೆಯ ಅಂಚು ಸರಿಯಾಗಿ ಹೂತಿದೆಯೇ ಎಂಬುದನ್ನೂ ಮೊದಲೇ ನೋಡಬೇಕು. ನೀರಿನ ಮೇಲ್ಮೈಯಲ್ಲಿ ಗಾಳಿಯನ್ನು ಹೀರುವ ಸುಳಿ ಕಂಡರೆ ಮಿಕ್ಸರನ್ನು ಇನ್ನಷ್ಟು ಆಳಕ್ಕೆ ಇಳಿಸಿ, ಇಲ್ಲವೇ ಆ ಹೊಂಡವನ್ನು ಕೈಬಿಡಿ. ಗಾಳಿ ಸೇರಿದ ಧಾರೆಯ ಅಳತೆಗೆ ಅರ್ಥವಿಲ್ಲ.

ವಿದ್ಯುತ್ ಸಂಪರ್ಕಕ್ಕೆ ಭೂಸೋರಿಕೆ ಬ್ರೇಕರ್ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಕಡ್ಡಾಯ. ವೇಗ ಅಳೆಯುವ ಉಪಕರಣದ ಪ್ರೋಬನ್ನು ಜರುಗಿಸುವಾಗ ನೀರಿಗೆ ಕೈಹಾಕಬೇಕಾದರೆ ಸ್ವಿಚ್ಚನ್ನು ಆರಿಸಿ ಬೀಗ ಹಾಕಿ, ಬೀಗದ ಕೈಯನ್ನು ನೀರಿನ ಬಳಿ ಇರುವವರ ಜೇಬಿನಲ್ಲಿಯೇ ಇರಿಸಬೇಕು.

ನೂಕುಬಲವನ್ನು ಮೊದಲು ಅಳೆಯಿರಿ

ಹೊಂಡದ ಮೇಲೆ ಅಡ್ಡಲಾಗಿ ಭದ್ರವಾದ ತೊಲೆಯೊಂದನ್ನು ಹಾಕಿ, ಅದರಲ್ಲಿ ಬೇರಿಂಗಿನ ಮೇಲೆ ತೂಗುವಂತೆ ಗಟ್ಟಿಯಾದ ಕೊಳವೆಯನ್ನು ನಿಲ್ಲಿಸಿ. ಕೆಳತುದಿಯಲ್ಲಿ ಮಿಕ್ಸರ್, ಮೇಲ್ತುದಿಯಲ್ಲಿ ಬಲ ಅಳೆಯುವ ಲೋಡ್ ಸೆಲ್ಲಿಗೆ ಕಟ್ಟಿದ ಅಡ್ಡ ತಂತಿ. ಕೀಲಿನಿಂದ ಮಿಕ್ಸರಿನ ಅಕ್ಷಕ್ಕೆ 2 ಮೀಟರ್, ಲೋಡ್ ಸೆಲ್ಲಿಗೆ 1 ಮೀಟರ್ ಇದ್ದರೆ 800 ನ್ಯೂಟನ್ ನೂಕುಬಲಕ್ಕೆ ಲೋಡ್ ಸೆಲ್ 1,600 ನ್ಯೂಟನ್ ತೋರಿಸುತ್ತದೆ. ತಂತಿಯನ್ನು ಬಿಗಿಗೊಳಿಸುತ್ತ ಕೊಳವೆಯನ್ನು ಲಂಬವಾಗಿಯೇ ಉಳಿಸಿಕೊಳ್ಳಿ, ವಾಲಿದರೆ ಯಂತ್ರದ ತೂಕದ ಪಾಲೂ ಅಳತೆಯಲ್ಲಿ ಸೇರಿಬಿಡುತ್ತದೆ. ತಿಳಿದ ತೂಕವನ್ನು ರಾಟೆಯ ಮೂಲಕ ಮಿಕ್ಸರಿನ ಜಾಗದಲ್ಲಿ ಎಳೆದು ನೋಡಿ ಇಡೀ ವ್ಯವಸ್ಥೆಯನ್ನು ಮಾಪನಗೊಳಿಸುವುದು ಲೆಕ್ಕಾಚಾರಕ್ಕಿಂತ ವಿಶ್ವಾಸಾರ್ಹ. ಯಂತ್ರ ಚಾಲೂ ಆದ ಮೊದಲ ನಿಮಿಷದಲ್ಲಿ ನೂಕುಬಲ ಹೆಚ್ಚಿದ್ದು, ಹೊಂಡದ ನೀರು ಸುತ್ತಿ ಬಂದು ಪ್ರೊಪೆಲ್ಲರಿನ ಹಿಂಬದಿಗೆ ಸೇರತೊಡಗಿದ ಮೇಲೆ ಅದು ತುಸು ಇಳಿಯುತ್ತದೆ. ಎರಡೂ ಬೆಲೆಗಳನ್ನು ಬರೆದುಕೊಳ್ಳಿ. ಇಳಿತ ದೊಡ್ಡದಾಗಿದ್ದರೆ ಹೊಂಡ ಆ ಯಂತ್ರಕ್ಕೆ ಚಿಕ್ಕದು ಎಂದರ್ಥ.

ಜೊತೆಗೆ ಮೂರು ಫೇಸಿನ ವೋಲ್ಟೇಜ್, ಮೋಟಾರ್ ಎಳೆಯುವ ಶಕ್ತಿ ಮತ್ತು ಶಾಫ್ಟಿನ ಸುತ್ತುವೇಗವನ್ನು ದಾಖಲಿಸಬೇಕು. ತೋಟದ ಲೈನುಗಳಲ್ಲಿ ವೋಲ್ಟೇಜ್ ಬೆಳಿಗ್ಗೆ ಒಂದು, ಪಂಪುಗಳು ಚಾಲೂ ಆದ ಮೇಲೆ ಇನ್ನೊಂದು. ಹರಿವು ಸುತ್ತುವೇಗಕ್ಕೆ ಅನುಪಾತದಲ್ಲಿಯೂ ನೂಕುಬಲ ಅದರ ವರ್ಗಕ್ಕೆ ಅನುಪಾತದಲ್ಲಿಯೂ ಶಕ್ತಿ ಅದರ ಘನಕ್ಕೆ ಅನುಪಾತದಲ್ಲಿಯೂ ಬದಲಾಗುತ್ತವೆ. ಸುತ್ತುವೇಗದ ದಾಖಲೆಯಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಅಳೆದ ವೇಗಗಳನ್ನು ಒಂದೇ ಮಟ್ಟಕ್ಕೆ ತರಬಹುದು, ಇಲ್ಲದಿದ್ದರೆ ತರಲು ದಾರಿಯಿಲ್ಲ.

ವೇಗ ಅಳೆಯುವ ಉಪಕರಣ

ಸುಳಿಧಾರೆಗೆ ಅತ್ಯಂತ ಸೂಕ್ತವಾದದ್ದು ಅಕೌಸ್ಟಿಕ್ ಡಾಪ್ಲರ್ ವೆಲಾಸಿಮೀಟರ್, ಅಂದರೆ ಎಡಿವಿ. ತನ್ನ ತುದಿಯಿಂದ ಸಾಮಾನ್ಯವಾಗಿ 5 ಅಥವಾ 10 ಸೆಂಟಿಮೀಟರ್ ದೂರದ ಒಂದು ಪುಟ್ಟ ಜಾಗದಲ್ಲಿ, ನೀರನ್ನು ಮುಟ್ಟಿ ಕದಡದೆ, ವೇಗದ ಮೂರೂ ಘಟಕಗಳನ್ನು ಒಟ್ಟಿಗೆ ಅಳೆಯುವುದು ಇದರ ಹಿರಿಮೆ. ನದಿಗಳಲ್ಲಿ ಬಳಸುವ ಎಡಿಸಿಪಿ (ಅಕೌಸ್ಟಿಕ್ ಡಾಪ್ಲರ್ ಕರೆಂಟ್ ಪ್ರೊಫೈಲರ್) ಉಪಕರಣವನ್ನು ಇಲ್ಲಿ ಬಳಸಬೇಡಿ. ಅದರ ಶಬ್ದಕಿರಣಗಳು ಒಂದರಿಂದೊಂದು ದೂರ ಸರಿಯುತ್ತ ಹೋಗುತ್ತವೆ, ಮತ್ತು ಎಲ್ಲ ಕಿರಣಗಳೂ ಒಂದೇ ವೇಗದ ನೀರನ್ನು ನೋಡುತ್ತಿವೆ ಎಂಬ ಊಹೆಯ ಮೇಲೆ ಅದರ ಲೆಕ್ಕ ನಿಂತಿದೆ. ಸುಳಿಯ ಒಂದು ಬದಿಯಲ್ಲಿ ನೀರು ಏರುತ್ತಿರುವಾಗ ಇನ್ನೊಂದು ಬದಿಯಲ್ಲಿ ಇಳಿಯುತ್ತಿರುವುದರಿಂದ ಆ ಊಹೆ ಬುಡದಲ್ಲೇ ತಪ್ಪುತ್ತದೆ. ಬಟ್ಟಲುಗಳ ಕರೆಂಟ್ ಮೀಟರ್ ಓರೆಯಾಗಿ ಬರುವ ಹರಿವನ್ನೂ ಪ್ರಕ್ಷುಬ್ಧತೆಯನ್ನೂ ಹೆಚ್ಚಾಗಿಯೇ ಎಣಿಸುತ್ತದೆ. ಎಡಿವಿ ಸಿಗದಿದ್ದಲ್ಲಿ, ಓರೆ ಹರಿವಿನ ಅಕ್ಷೀಯ ಘಟಕವನ್ನಷ್ಟೇ ದಾಖಲಿಸುವಂತೆ ರೂಪಿಸಿದ ಪ್ರೊಪೆಲ್ಲರ್ ಮಾದರಿಯ ಕರೆಂಟ್ ಮೀಟರನ್ನು ದೂರದ ಸಮತಲದಲ್ಲಿ ಮಾತ್ರ ಬಳಸಬಹುದು. ಸುತ್ತುವ ವೇಗ ಅಕ್ಷೀಯ ವೇಗಕ್ಕಿಂತ ಬಹಳ ಬೇಗ ಕ್ಷೀಣಿಸುತ್ತದೆ: ಅಕ್ಷೀಯ ವೇಗ ದೂರಕ್ಕೆ ವಿಲೋಮವಾಗಿ ಇಳಿದರೆ, ಸುತ್ತುವ ವೇಗ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಹೀಗಾಗಿ ದೂರದಲ್ಲಿ ನೀರು ಹೆಚ್ಚು ನೇರವಾಗಿರುತ್ತದೆ.

ಎಡಿವಿಗೆ ನೀರಿನ ಉಷ್ಣತೆಯನ್ನು ಸರಿಯಾಗಿ ಕೊಡಬೇಕು. ನೀರಿನಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 1,482 ಮೀಟರ್, 25 ಡಿಗ್ರಿಯಲ್ಲಿ 1,497 ಮೀಟರ್. ಚಳಿಗಾಲದ ಬೆಳಗಿನ ಉಷ್ಣತೆಯನ್ನೇ ಮಧ್ಯಾಹ್ನಕ್ಕೂ ಬಿಟ್ಟರೆ ಶೇ. 1ರಷ್ಟು ದೋಷ ಸುಮ್ಮನೆ ಸೇರುತ್ತದೆ. ಶಬ್ದವನ್ನು ಚದುರಿಸಲು ನೀರಿನಲ್ಲಿ ಸೂಕ್ಷ್ಮ ಕಣಗಳು ಬೇಕು. ಮಳೆಗಾಲದ ಹೊಂಡದ ಮಣ್ಣುನೀರಿನಲ್ಲಿ ಇದಕ್ಕೆ ಬರವಿಲ್ಲ. ತಿಳಿಯಾದ ನೀರಿನಲ್ಲಿ ಸಂಕೇತ ದುರ್ಬಲವಾದರೆ ಬಟ್ಟೆಯಲ್ಲಿ ಸೋಸಿದ ನುಣುಪು ಜೇಡಿಮಣ್ಣಿನ ನೀರನ್ನು ಸ್ವಲ್ಪ ಬೆರೆಸಿ.

ಬಿಂದುಗಳ ಜೋಡಣೆ

ಧಾರೆಯ ಅಕ್ಷ ಮಿಕ್ಸರ್ ಮುಖಮಾಡಿದ ದಿಕ್ಕಿನಲ್ಲಿಯೇ ಇರುತ್ತದೆ ಎಂದು ನಂಬಬೇಡಿ. ಸುಳಿಯುವ ಧಾರೆ ತಳದ ಅಥವಾ ಮೇಲ್ಮೈಯ ಸಮೀಪದಲ್ಲಿ ಒಂದು ಬದಿಗೆ ವಾಲುತ್ತದೆ. ಮೊದಲು ಸಮತಲದಲ್ಲಿ ಅಡ್ಡಲಾಗಿ ಒಮ್ಮೆ, ಲಂಬವಾಗಿ ಒಮ್ಮೆ ವೇಗವನ್ನು ಅಳೆದು, ಗರಿಷ್ಠ ವೇಗದ ಅರ್ಧದಷ್ಟು ವೇಗ ಎಡ ಬಲಗಳಲ್ಲಿಯೂ ಮೇಲೆ ಕೆಳಗೂ ಎಲ್ಲಿ ಸಿಗುತ್ತದೆ ಎಂದು ಗುರುತಿಸಿ, ಅವುಗಳ ನಟ್ಟನಡುವೆ ಧಾರೆಯ ಕೇಂದ್ರವಿದೆ ಎಂದು ಇಟ್ಟುಕೊಳ್ಳಿ. ಹತ್ತಿರದ ಸಮತಲದಲ್ಲಿ ಗರಿಷ್ಠ ವೇಗ ನಡುವಿನಲ್ಲಿ ಇರುವುದಿಲ್ಲ. ಹಬ್ಬಿನ (ಅಲಗುಗಳು ಕೂಡುವ ನಡುಗುಂಡಿನ) ಹಿಂದೆ ನೀರು ನಿಧಾನವಾಗಿದ್ದು, ಕೆಲವೊಮ್ಮೆ ಹಿಂದಕ್ಕೂ ಹರಿಯುತ್ತಿದ್ದು, ಅಲಗಿನ ಹೊರ ಅರ್ಧದ ಹಿಂದೆ ವೇಗ ಗರಿಷ್ಠವಾಗಿರುತ್ತದೆ.

ಕೇಂದ್ರದ ಸುತ್ತ 0.1 ಮೀಟರ್ ಅಂತರದಲ್ಲಿ 1 ಮೀಟರಿನವರೆಗೆ ಹತ್ತು ವೃತ್ತಗಳನ್ನು ಕಲ್ಪಿಸಿ, ಪ್ರತಿ ವೃತ್ತದಲ್ಲಿ 45 ಡಿಗ್ರಿಗೊಂದರಂತೆ ಎಂಟು ಬಿಂದುಗಳು, ನಡುವೆ ಒಂದು, ಒಟ್ಟು 81 ಬಿಂದುಗಳಾಗುತ್ತವೆ. ಒಂದೇ ತ್ರಿಜ್ಯದಲ್ಲಿ ಅಳೆದು ಧಾರೆ ದುಂಡಾಗಿದೆಯೆಂದು ಭಾವಿಸಿ ಗುಣಿಸಿಬಿಡುವ ಅಭ್ಯಾಸವನ್ನು ನಾನು ಹಲವೆಡೆ ಕಂಡಿದ್ದೇನೆ, ಅದನ್ನು ಒಪ್ಪಲಾರೆ. ಕಾರಣ ಹೀಗಿದೆ. ಪ್ರೋಬಿನ ಕಂಬ ತನ್ನ ಲಂಬ ಅಕ್ಷದ ಸುತ್ತ 5 ಡಿಗ್ರಿ ತಿರುಗಿ ನಿಂತಿದೆ ಎಂದುಕೊಳ್ಳಿ. ಧಾರೆಯ ನೆತ್ತಿಯಲ್ಲಿ ಸುತ್ತುವ ವೇಗ ಅಡ್ಡಲಾಗಿರುತ್ತದೆ. ಅದು ಸೆಕೆಂಡಿಗೆ 0.5 ಮೀಟರ್ ಇದ್ದರೆ, ಅದರಲ್ಲಿ 0.044 ಮೀಟರ್ ಅಕ್ಷೀಯ ವೇಗದ ವೇಷದಲ್ಲಿ ದಾಖಲಾಗುತ್ತದೆ. ಧಾರೆಯ ತಳಭಾಗದಲ್ಲಿ ಸುತ್ತುವ ವೇಗ ಎದುರು ದಿಕ್ಕಿನದು, ಆದ್ದರಿಂದ ಅಲ್ಲಿ ಅಷ್ಟೇ ವೇಗ ಕಳೆದುಹೋಗುತ್ತದೆ. ಇಡೀ ವೃತ್ತದ ಸರಾಸರಿಯಲ್ಲಿ ಈ ಎರಡೂ ದೋಷಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಮೇಲಿನಿಂದ ಕೇಂದ್ರದವರೆಗೆ ಮಾತ್ರ ಅಳೆದವರಿಗೆ ಆ ದೋಷ ಪೂರ್ತಿಯಾಗಿ ಉಳಿಯುತ್ತದೆ.

ಪ್ರೋಬ್ ಕಟ್ಟಿದ ಕಂಬ ನಡುಗಬಾರದು. 40 ಮಿಲಿಮೀಟರ್ ಕೊಳವೆಯ ಮೇಲೆ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹಾದರೆ, ಕೊಳವೆಯ ಹಿಂದೆ ಸೆಕೆಂಡಿಗೆ ಸುಮಾರು 7.5 ಬಾರಿ ಸುಳಿಗಳು ಕಳಚಿಕೊಳ್ಳುತ್ತವೆ, ಕಂಬದ ಸಹಜ ಕಂಪನ ಅದರ ಹತ್ತಿರ ಇದ್ದರೆ ಅದು ಎಡೆಬಿಡದೆ ತೂಗಾಡುತ್ತದೆ. ಓರೆ ಆಸರೆಗಳನ್ನು ಕೊಟ್ಟು ಗಟ್ಟಿಗೊಳಿಸಿ.

ಎಷ್ಟು ಹೊತ್ತು ಅಳೆಯಬೇಕು

ಧಾರೆಯ ನಡುವಿನಲ್ಲಿಯೇ ವೇಗದ ಏರಿಳಿತ ಸರಾಸರಿಯ ಶೇ. 25ರಿಂದ 30ರಷ್ಟಿರುತ್ತದೆ. ಏರಿಳಿತ ಶೇ. 30 ಇದ್ದು, ದೊಡ್ಡ ಸುಳಿಯೊಂದು ಪ್ರೋಬನ್ನು ದಾಟಲು ಅರ್ಧ ಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ ಎಂದಾದರೆ, ಮೂರು ನಿಮಿಷದ ಸರಾಸರಿಯಲ್ಲಿ ಶೇ. 2ರಷ್ಟು ಅನಿಶ್ಚಿತತೆ ಉಳಿಯುತ್ತದೆ; ಅದನ್ನು ಶೇ. 1ಕ್ಕೆ ಇಳಿಸಲು ಹದಿನೈದು ನಿಮಿಷ ಬೇಕಾಗುತ್ತದೆ. ಸೆಕೆಂಡಿಗೆ ನೂರು ಬಾರಿ ದಾಖಲಿಸಿದರೂ ಇದು ತಗ್ಗುವುದಿಲ್ಲ, ಏಕೆಂದರೆ ಒಂದೇ ಸುಳಿಯನ್ನು ನೂರು ಬಾರಿ ನೋಡಿದರೂ ಅದು ಒಂದೇ ಸುಳಿ. ಇದರ ಮೇಲೆ ಹೊಂಡದೊಳಗಿನ ಇಡೀ ಧಾರೆ ನಿಧಾನವಾಗಿ ಅತ್ತಿತ್ತ ಸರಿದಾಡುವುದೂ ಉಂಟು. ಆದ್ದರಿಂದ ಆರಂಭದಲ್ಲಿ ಅರ್ಧವೇಗದ ಒಂದು ಬಿಂದುವಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ದಾಖಲಿಸಿ, ಸರಾಸರಿ ಎಷ್ಟು ಹೊತ್ತಿಗೆ ನೆಲೆ ನಿಲ್ಲುತ್ತದೆ ಎಂದು ನೋಡಿ, ಅದರಂತೆ ಸಮಯವನ್ನು ಗೊತ್ತುಮಾಡಿ.

81 ಬಿಂದುಗಳಿಗೆ ಮೂರು ಮೂರು ನಿಮಿಷವೆಂದರೆ, ಪ್ರೋಬ್ ಜರುಗಿಸುವ ಹೊತ್ತನ್ನು ಬಿಟ್ಟೇ ನಾಲ್ಕು ಗಂಟೆ. ಮೂರು ಫೇಸ್ ವಿದ್ಯುತ್ ದಿನದ ಕೆಲವೇ ಗಂಟೆ ಇರುವ ತೋಟಗಳಲ್ಲಿ ಒಂದು ಸಮತಲಕ್ಕೆ ಒಂದು ದಿನ ಎಂದು ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ವೃತ್ತ ಮುಗಿದ ಮೇಲೆ ಒಮ್ಮೆ ಕೇಂದ್ರಬಿಂದುವಿಗೆ ಮರಳಿ ಅಳೆದರೆ, ನಡುವೆ ಯಂತ್ರವಾಗಲಿ ಹೊಂಡವಾಗಲಿ ಬದಲಾಗಿದೆಯೇ ಎಂಬುದು ಗೊತ್ತಾಗುತ್ತದೆ. ದಾಖಲೆಯಿಂದ, ಪ್ರತಿ ಬೆಲೆಯ ಜೊತೆಗೆ ಎಡಿವಿ ಕೊಡುವ ಹೊಂದಾಣಿಕೆಯ ಸೂಚಿ (ಕೋರಿಲೇಶನ್) ಶೇ. 70ಕ್ಕಿಂತ ಕಡಿಮೆಯಿರುವ ಬೆಲೆಗಳನ್ನು ತೆಗೆದುಹಾಕುವುದು ರೂಢಿ. ಒಂದು ಬಿಂದುವಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಲೆಗಳು ಹೀಗೆ ಹೋದರೆ, ಉಳಿದವನ್ನು ತೇಪೆ ಹಚ್ಚುವ ಬದಲು ಗುಳ್ಳೆಗಳಿವೆಯೇ, ಮೋಟಾರಿನ ಸುತ್ತುವೇಗವನ್ನು ನಿಯಂತ್ರಿಸುವ ವಿಎಫ್‌ಡಿಯ ವಿದ್ಯುತ್ ಗದ್ದಲ ಕೇಬಲ್ಲಿಗೆ ನುಗ್ಗುತ್ತಿದೆಯೇ ಎಂದು ಹುಡುಕಿ ಮತ್ತೆ ಅಳೆಯಿರಿ.

ಲೆಕ್ಕಾಚಾರ, ಮತ್ತು ಅಂಚಿನ ತೊಡಕು

ಪ್ರತಿ ವೃತ್ತದ ಎಂಟು ಬಿಂದುಗಳ ಅಕ್ಷೀಯ ವೇಗದ ಸರಾಸರಿಯನ್ನು ಆ ವೃತ್ತದ ಉಂಗುರದ ವಿಸ್ತೀರ್ಣದಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಹರಿವು. ಲೆಕ್ಕ ಸರಳ, ಆದರೆ ಅದರೊಳಗೆ ಅಡಗಿರುವ ತೊಡಕನ್ನು ಅಂಕಿಗಳಲ್ಲಿಯೇ ನೋಡಬೇಕು. 3 ಮೀಟರ್ ದೂರದ ಸಮತಲದಲ್ಲಿ ನಡುವಿನ ವೇಗ ಸೆಕೆಂಡಿಗೆ 1.5 ಮೀಟರ್, ಅರ್ಧವೇಗದ ತ್ರಿಜ್ಯ 0.4 ಮೀಟರ್ ಇದ್ದು, ವೇಗ ಗಂಟೆಯಾಕಾರದ ಗಾಸ್ ವಕ್ರದಂತೆ ಹೊರಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಆಗ 0.8 ಮೀಟರ್ ತ್ರಿಜ್ಯದಲ್ಲಿ ವೇಗ 0.094 ಮೀಟರ್ ಮಾತ್ರ. ನಡುವಿನ 0.1 ಮೀಟರ್ ತ್ರಿಜ್ಯದ ಬಿಲ್ಲೆಯ ಮೂಲಕ, ವೇಗವನ್ನು ಎಲ್ಲೆಡೆ 1.5 ಎಂದೇ ಹಿಡಿದರೂ, ಸೆಕೆಂಡಿಗೆ 0.047 ಘನ ಮೀಟರ್ ಹರಿಯುತ್ತದೆ. 0.75ರಿಂದ 0.85 ಮೀಟರಿನವರೆಗಿನ ಉಂಗುರದ ಮೂಲಕ ಹರಿಯುವುದೂ ಅದೇ 0.047 ಘನ ಮೀಟರ್. ಕಣ್ಣಿಗೆ ನಿಂತಂತೆ ಕಾಣುವ ಅಂಚಿನ ನೀರು ಹರಿವಿನ ಲೆಕ್ಕದಲ್ಲಿ ನಡುವಿನ ರಭಸದ ನೀರಿಗೆ ಸಮನಾಗಿ ನಿಲ್ಲುತ್ತದೆ. ಸಂವೇಗದ ಲೆಕ್ಕದಲ್ಲಿ ಮಾತ್ರ ನಡುವಿನ ಬಿಲ್ಲೆಯದು 71 ನ್ಯೂಟನ್, ಹೊರ ಉಂಗುರದ್ದು 4.4 ನ್ಯೂಟನ್.

ಹರಿವಿನ ಅಳತೆ ಏಕೆ ಅಷ್ಟು ಚಂಚಲ, ಸಂವೇಗದ ಅಳತೆ ಏಕೆ ಅಷ್ಟು ಸ್ಥಿರ ಎಂಬುದಕ್ಕೆ ಇದೇ ವಿವರಣೆ. ಪ್ರೋಬಿನ ಶೂನ್ಯದಲ್ಲಿ, ಅಂದರೆ ನಿಂತ ನೀರಿನಲ್ಲಿ ಅದು ತೋರಿಸುವ ವೇಗದಲ್ಲಿ, ಸೆಕೆಂಡಿಗೆ 1 ಸೆಂಟಿಮೀಟರಿನ ದೋಷ 1 ಮೀಟರ್ ತ್ರಿಜ್ಯದ ವೃತ್ತದ ಮೇಲೆ 0.031 ಘನ ಮೀಟರ್ ಹರಿವಿನ ದೋಷವಾಗುತ್ತದೆ, ಆದರೆ ಸಂವೇಗದಲ್ಲಿ ಅದರ ಪರಿಣಾಮ ಅಲ್ಪ. ಹಾಗಾಗಿ ಹೊರ ವೃತ್ತಗಳಿಗೆ ಹೆಚ್ಚು ಸಮಯ ಕೊಡಿ, ಯಂತ್ರ ನಿಂತಿರುವಾಗ ಪ್ರೋಬಿನ ಶೂನ್ಯವನ್ನು ದಿನಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಿ. ಅಕ್ಷೀಯ ವೇಗ ಶೂನ್ಯಕ್ಕಿಳಿದು ಹಿಂದಿರುಗುವ ಹರಿವು ಆರಂಭವಾಗುವ ತ್ರಿಜ್ಯದಲ್ಲಿ ಕೂಡುವುದನ್ನು ನಿಲ್ಲಿಸಬೇಕು, ಹಾಗೆ ನಿಲ್ಲಿಸಿದ ತ್ರಿಜ್ಯವನ್ನು ವರದಿಯಲ್ಲಿ ಬರೆಯಬೇಕು.

ದೂರದ ಸಮತಲದಲ್ಲಿ ಇನ್ನೊಂದು ದಾರಿಯೂ ಇದೆ. ವೇಗದ ಬೆಲೆಗಳಿಗೆ ಗಾಸ್ ವಕ್ರವನ್ನು ಹೊಂದಿಸಿದರೆ, ನಡುವಿನ ವೇಗವನ್ನು ಅರ್ಧವೇಗದ ತ್ರಿಜ್ಯದ ವರ್ಗದಿಂದಲೂ 4.53ರಿಂದಲೂ ಗುಣಿಸಿದಾಗ ಹರಿವು ಬರುತ್ತದೆ. ಮೇಲಿನ ಅಂಕಿಗಳಿಗೆ ಅದು ಸೆಕೆಂಡಿಗೆ ಸುಮಾರು 1.09 ಘನ ಮೀಟರ್, ಅಂದರೆ 38 ಕ್ಯುಸೆಕ್. ಪ್ರೊಪೆಲ್ಲರಿನ ಬಳಿ 12 ಅಥವಾ 17 ಎಂದು ಲೆಕ್ಕ ಸಿಕ್ಕ ಅದೇ ಯಂತ್ರ, ಅದೇ ಕ್ಷಣದಲ್ಲಿ, 3 ಮೀಟರ್ ಮುಂದೆ 38 ಕ್ಯುಸೆಕ್ ನೀರನ್ನು ಚಲಿಸುವಂತೆ ಮಾಡಿದೆ. ಮೂರೂ ಅಂಕಿಗಳು ತಮ್ಮ ತಮ್ಮ ಅರ್ಥದಲ್ಲಿ ಸರಿ. ಒಬ್ಬ ಮಾರಾಟಗಾರ ಮೊದಲನೆಯದನ್ನೂ ಇನ್ನೊಬ್ಬ ಮೂರನೆಯದನ್ನೂ ಮುಂದಿಟ್ಟರೆ ಕೊಳ್ಳುವವರು ಮೋಸಹೋಗುತ್ತಾರೆ. ಸಂವೇಗಕ್ಕೆ ಇದೇ ವಕ್ರದಿಂದ, ನಡುವಿನ ವೇಗದ ವರ್ಗ, ಅರ್ಧವೇಗದ ತ್ರಿಜ್ಯದ ವರ್ಗ, ಸಾಂದ್ರತೆ ಮತ್ತು 2.27, ಇವುಗಳ ಗುಣಲಬ್ಧವನ್ನು ತೆಗೆದುಕೊಳ್ಳಬೇಕು. ಅದು ಸುಮಾರು 816 ನ್ಯೂಟನ್ ಆಗಿ, ಲೋಡ್ ಸೆಲ್ಲಿನ 800ಕ್ಕೆ ಹತ್ತಿರ ನಿಲ್ಲುತ್ತದೆ.

ತಾಳೆ ನೋಡುವ ಎರಡು ಬಗೆ

ಹತ್ತಿರದ ಸಮತಲದಲ್ಲಿ ಸಂವೇಗವನ್ನು ಕೂಡಿಸುವಾಗ ಸುಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ತಿರುಗುವ ನೀರಿನ ನಡುವೆ ಒತ್ತಡ ಕುಸಿದಿರುವುದರಿಂದ, ಪ್ರತಿ ಬಿಂದುವಿನಲ್ಲಿ ಅಕ್ಷೀಯ ವೇಗದ ವರ್ಗದಿಂದ ಸುತ್ತುವ ವೇಗದ ವರ್ಗದ ಅರ್ಧವನ್ನು ಕಳೆದು, ಆಮೇಲೆ ಉಂಗುರಗಳನ್ನು ಕೂಡಿಸಿ ಸಾಂದ್ರತೆಯಿಂದ ಗುಣಿಸಬೇಕು. ಇದು ನೂಕುಬಲದ ಶೇ. 10ರೊಳಗೆ ಬಂದರೆ ನಾನು ಆ ಸಮತಲದ ಹರಿವನ್ನು ಒಪ್ಪುತ್ತೇನೆ. ಸಂವೇಗ ಬಹಳ ಕಡಿಮೆ ಬಂದರೆ ಧಾರೆಯ ಕೇಂದ್ರವನ್ನು ತಪ್ಪಾಗಿ ಗುರುತಿಸಿರುವ ಅಥವಾ ಹೊಂಡದ ಮರುಹರಿವು ಪ್ರಬಲವಾಗಿರುವ ಸಾಧ್ಯತೆ ಹೆಚ್ಚು. ಹೆಚ್ಚು ಬಂದರೆ ಪ್ರೋಬಿನ ದಿಕ್ಕನ್ನು, ಕಂಬದ ನಡುಕವನ್ನು ಪರೀಕ್ಷಿಸಿ.

ಎರಡನೆಯ ತಾಳೆ ಟಾರ್ಕಿನದು, ಅಂದರೆ ಶಾಫ್ಟನ್ನು ತಿರುಗಿಸುವ ಬಲದ್ದು. ಅಕ್ಷೀಯ ವೇಗ, ಸುತ್ತುವ ವೇಗ, ತ್ರಿಜ್ಯ, ಸಾಂದ್ರತೆ ಮತ್ತು ಉಂಗುರದ ವಿಸ್ತೀರ್ಣ, ಇವುಗಳ ಗುಣಲಬ್ಧದ ಮೊತ್ತ ಧಾರೆಯ ಕೋನೀಯ ಸಂವೇಗ. ನೀರನ್ನು ನೇರಗೊಳಿಸುವ ರೆಕ್ಕೆಗಳಿಲ್ಲದ ಮಿಕ್ಸರಿನಲ್ಲಿ ಅದು ಶಾಫ್ಟಿನ ಟಾರ್ಕಿಗೆ ಸಮೀಪವಿರಬೇಕು. ಶಾಫ್ಟಿಗೆ 2 ಕಿಲೋವ್ಯಾಟ್ ದೊರೆತು, ನಿಮಿಷಕ್ಕೆ 480 ಸುತ್ತು ತಿರುಗುತ್ತಿದ್ದರೆ ಟಾರ್ಕ್ ಸುಮಾರು 40 ನ್ಯೂಟನ್ ಮೀಟರ್. ಅದನ್ನು ನೂಕುಬಲ ಮತ್ತು ಪ್ರೊಪೆಲ್ಲರಿನ ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಿದರೆ, ಸುಳಿ ಎಷ್ಟು ಪ್ರಬಲ ಎಂಬುದನ್ನು ಹೇಳುವ ಸುಳಿಸಂಖ್ಯೆ 0.17 ಬರುತ್ತದೆ. ಸುಳಿಸಂಖ್ಯೆ 0.6ರ ಆಸುಪಾಸಿಗೆ ಏರಿದರೆ ಧಾರೆಯ ನಡುವೆ ನೀರು ಹಿಂದಕ್ಕೆ ಹರಿಯತೊಡಗಿ, ಗಾಸ್ ವಕ್ರದ ಲೆಕ್ಕ ಕೈಕೊಡುತ್ತದೆ. ಸಾಮಾನ್ಯ ಮಿಕ್ಸರಿನಲ್ಲಿ ಅಷ್ಟು ಸುಳಿ ಕಂಡರೆ ಅಲಗಿಗೆ ಚಿಂದಿ, ನಾರು ಸುತ್ತಿಕೊಂಡಿದೆಯೇ ಎಂದು ಯಂತ್ರವನ್ನು ಎತ್ತಿ ನೋಡಿ.

ವರದಿಯಲ್ಲಿ ಹರಿವಿನ ಅಂಕಿಯ ಪಕ್ಕದಲ್ಲಿಯೇ ಸಮತಲದ ದೂರ, ಕೂಡಿದ ತ್ರಿಜ್ಯ, ಸುತ್ತುವೇಗ, ಅಕ್ಷದ ಆಳ, ಹೊಂಡದ ಉದ್ದ ಅಗಲ, ನೀರಿನ ಉಷ್ಣತೆ, ಪ್ರತಿ ಬಿಂದುವಿನ ಸಮಯ, ಹಾಗೂ ಸಂವೇಗ ಮತ್ತು ನೂಕುಬಲಗಳ ಅನುಪಾತ ಇರಬೇಕು. ತೊಟ್ಟಿಗೆ ಯಂತ್ರವನ್ನು ಆರಿಸುವವರು ಆ ನೂಕುಬಲದಿಂದಲೇ ಲೆಕ್ಕ ಆರಂಭಿಸಲಿ. ಸುಣ್ಣ ಬೆರೆಸುವ ಜಾಗ ಮಿಕ್ಸರಿನಿಂದ ಎಷ್ಟು ದೂರದಲ್ಲಿದೆಯೋ ಆ ದೂರದ ಹರಿವನ್ನು ಮಾತ್ರ ವರದಿಯಿಂದ ತೆಗೆದುಕೊಳ್ಳಲಿ.